ಭಿವಂಡಿ ಯಾಕೆ ಹೊತ್ತಿ ಉರಿಯಲಿಲ್ಲ?

ಹಬ್ಬ, ಮೆರವಣಿಗೆ ಹತ್ತಿರ ಬಂತು ಅಂದ್ರೆ ನಮ್ಮ ಪೊಲೀಸ್ ಠಾಣೆಗಳಲ್ಲಿ ಶಾಂತಿ ಸಭೆ ಗ್ಯಾರಂಟಿ. ಎರಡೂ ಕಡೆಯ ಮುಖಂಡರು ಬರ್ತಾರೆ, ಟೀ ಕುಡೀತಾರೆ, ಸೌಹಾರ್ದದ ಮಾತಾಡಿ ಫೋಟೋ ತೆಗೆಸ್ಕೊಂಡು ಹೋಗ್ತಾರೆ. ನಾವೂ ಅರ್ಧ ನಿಮಿಷದ ಸುದ್ದಿ ಮಾಡಿ ಮುಗಿಸ್ತೀವಿ. ಊರಿನ ಶಾಂತಿ ಕಾಯೋ ಹೊಣೆಯನ್ನ ಸರ್ಕಾರ ಜನರ ಜೊತೆ ಹಂಚಿಕೊಳ್ಳೋದು ಅಂದ್ರೆ ಇಷ್ಟೇನಾ?

ವೀಕ್ಷಕರೇ, ಮುಂಬೈ ಪಕ್ಕದ ಭಿವಂಡಿಯನ್ನ ನೋಡಿ. ಪವರ್‌ಲೂಮ್‌ಗಳ ಊರು. 1970ರ ಮೇ 7ರಂದು ಶಿವಜಯಂತಿ ಮೆರವಣಿಗೆಯಲ್ಲಿ ಶುರುವಾದ ಗಲಭೆ ಊರನ್ನೇ ಸುಟ್ಟಿತ್ತು. 1984ರಲ್ಲಿ ಮತ್ತೆ ಅದೇ ಬೆಂಕಿ. 1988ರಲ್ಲಿ ಡಿಸಿಪಿ ಆಗಿ ಬಂದ ಸುರೇಶ್ ಖೋಪಡೆ ಬಡಾವಣೆ ಬಡಾವಣೆಗೂ ಮೊಹಲ್ಲಾ ಸಮಿತಿ ಮಾಡಿದರು. ಸುಮಾರು 70 ಸಮಿತಿಗಳು. ಹಿಂದೂಗಳು, ಮುಸ್ಲಿಮರು ಹೆಚ್ಚುಕಮ್ಮಿ ಸಮ ಸಂಖ್ಯೆಯಲ್ಲಿ, ಜೊತೆಗೊಬ್ಬ ಪೊಲೀಸ್ ಅಧಿಕಾರಿ. ವಿಶೇಷ ಏನಪ್ಪಾ ಅಂದ್ರೆ, ಗಲಾಟೆ ಇಲ್ಲದ ದಿನಗಳಲ್ಲೂ ಇವರು ಸೇರ್ತಿದ್ದರು. ಬೀದಿಯ ಸಣ್ಣಪುಟ್ಟ ತಕರಾರುಗಳನ್ನ ಕೂತು ಮಾತಾಡ್ತಿದ್ದರು. ಹೀಗಾಗಿ ಒಂದು ವದಂತಿ ಹಬ್ಬಿದರೆ, ನಿಜಾನಾ ಅಂತ ಯಾರನ್ನ ಕೇಳಬೇಕು ಅನ್ನೋದು ಜನರಿಗೆ ಗೊತ್ತಿತ್ತು.

1992ರ ಡಿಸೆಂಬರ್ 6ರಂದು ಬಾಬರಿ ಮಸೀದಿ ಉರುಳಿತು. ಆ ಡಿಸೆಂಬರ್, ಜನವರಿಯಲ್ಲಿ ಮುಂಬೈನಲ್ಲಿ ಸತ್ತವರು 900 ಜನ. ಇದು ಶ್ರೀಕೃಷ್ಣ ಆಯೋಗದ ಲೆಕ್ಕ. ಎರಡು ಸಲ ಸುಟ್ಟುಹೋಗಿದ್ದ ಭಿವಂಡಿ ಮಾತ್ರ ಶಾಂತವಾಗಿತ್ತು. ಇಂಜಿನಿಯರಿಂಗ್ ಓದಿದ ನನಗೆ ಇದು ಅರ್ಥಿಂಗ್ ಥರ ಕಾಣುತ್ತೆ. ಸಿಡಿಲು ಬಡಿದ ಮೇಲೆ ತಂತಿ ಹುಡುಕ್ಕೊಂಡು ಹೋದರೆ ಏನು ಬಂತು?

ಹಾಗಂತ ಜನರ ಕೈಗೆ ಕೊಟ್ಟಿದ್ದೆಲ್ಲ ಒಳ್ಳೇದಾಗಲ್ಲ. ಛತ್ತೀಸ್‌ಗಢದಲ್ಲಿ 2005ರಲ್ಲಿ ನಕ್ಸಲರ ವಿರುದ್ಧ ಸಲ್ವಾ ಜುಡುಂ ಶುರುವಾಯ್ತು. ಸರ್ಕಾರ ಆದಿವಾಸಿ ಹುಡುಗರನ್ನ ವಿಶೇಷ ಪೊಲೀಸ್ ಅಧಿಕಾರಿ ಅಂತ ಕರೆದು ಬಂದೂಕು ಹಿಡಿಸಿತು. ಹಳ್ಳಿಗಳು ಖಾಲಿಯಾದವು. ಇದು ಸಂವಿಧಾನಕ್ಕೆ ವಿರುದ್ಧ ಅಂತ ಸುಪ್ರೀಂ ಕೋರ್ಟ್ 2011ರಲ್ಲಿ ಹೇಳಬೇಕಾಯ್ತು. ಭಿವಂಡಿಯ ಪೊಲೀಸರು ಲಾಠಿಯನ್ನ ತಮ್ಮ ಹತ್ತಿರಾನೇ ಇಟ್ಕೊಂಡಿದ್ದರು. ಜನರಿಗೆ ಕೊಟ್ಟಿದ್ದು ಕೂರೋಕೆ ಜಾಗ, ಮಾತಿಗೆ ಕಿವಿ. ನನ್ನ ಪ್ರಕಾರ ವ್ಯತ್ಯಾಸ ಇರೋದೇ ಅಲ್ಲಿ.

ಆದರೆ ಇಂಥ ನಂಬಿಕೆ ಒಂದು ಸಲ ಕಟ್ಟಿದ ಮಾತ್ರಕ್ಕೆ ಹಾಗೇ ನಿಲ್ಲಲ್ಲ. 2006ರ ಜುಲೈನಲ್ಲಿ ಅದೇ ಭಿವಂಡಿಯಲ್ಲಿ ಖಬರಸ್ತಾನದ ಪಕ್ಕ ಪೊಲೀಸ್ ಠಾಣೆ ಕಟ್ಟೋ ವಿಚಾರಕ್ಕೆ ಜಗಳವಾಯ್ತು. ಗೋಲಿಬಾರ್‌ನಲ್ಲಿ ಇಬ್ಬರು ಸತ್ತರು. ಆಮೇಲೆ ಉದ್ರಿಕ್ತ ಗುಂಪು ಇಬ್ಬರು ಪೊಲೀಸರನ್ನ ಕೊಂದುಹಾಕಿತು.