ಕಡಲೆಯ ಹುಳಿಯೂ ಸೇರಿನ ಲೆಕ್ಕವೂ

ಬೈಲಹೊಂಗಲ, ಸವದತ್ತಿಗಳ ಎರೆಹೊಲಗಳಲ್ಲಿ ಹಿಂಗಾರಿನ ಕಡಲೆ ಹೂಬಿಡುವ ಕಾಲ. ನಸುಕಿನ ಇಬ್ಬನಿಯಲ್ಲಿ ಗಿಡಗಳ ಮೇಲೆ ಶುಭ್ರವಾದ ಅರಿವೆ ಹಾಸಿ, ಅದು ನೆನೆದ ಬಳಿಕ ಹಿಂಡಿ ಹುಳಿಯನ್ನು ಸಂಗ್ರಹಿಸುವುದು ನಮ್ಮ ಬಯಲುಸೀಮೆಯ ಹಳೆಯ ಪದ್ಧತಿ. ಅಜೀರ್ಣಕ್ಕೆ ಅದು ಮನೆಮದ್ದು. ಈ ಹುಳಿಯಲ್ಲಿ ಪ್ರಧಾನವಾದದ್ದು ಮ್ಯಾಲಿಕ್ ಆಮ್ಲ; 1785ರಲ್ಲಿ ಷೀಲೆ ಎಂಬ ರಸಾಯನಜ್ಞನು ಸೇಬಿನ ರಸದಿಂದ ಬೇರ್ಪಡಿಸಿದ್ದೂ ಇದನ್ನೇ. ಜೊತೆಗೆ ಆಕ್ಸಾಲಿಕ್ ಆಮ್ಲವೂ ಉಂಟು; ಅದು ಹೆಚ್ಚಾದರೆ ವಿಷ. ಆದುದರಿಂದ ಎಷ್ಟು ಹುಳಿಗೆ ಎಷ್ಟು ನೀರು ಎಂಬ ಪ್ರಶ್ನೆ ಬರಿಯ ಪಾಠಶಾಲೆಯದಲ್ಲ.

ಒಂದು ಸೇರು ನೀರಿಗೆ ಎಂದರೆ, ಯಾವ ಸೇರು? ಕಿತ್ತೂರು 1824ರಲ್ಲಿ ಕಂಪನಿಯ ವಶವಾಯಿತು. ರಾಮದುರ್ಗ 1948ರವರೆಗೆ ಪ್ರತ್ಯೇಕ ಸಂಸ್ಥಾನವಾಗಿತ್ತು. 1833ರಲ್ಲಿ ಕಂಪನಿಯವರು ತೊಲೆಯನ್ನು 180 ಗ್ರೇನಿಗೆ, ಎಂದರೆ 11.66 ಗ್ರಾಮಿಗೆ, ನಿಗದಿಮಾಡಿದರು. 1835ರ ರೂಪಾಯಿಗೂ ಅದೇ ತೂಕ. ರೂಪಾಯಿಯೇ ತಕ್ಕಡಿಯ ಕಲ್ಲಾಯಿತು. ಆದರೆ ಸರ್ಕಾರಿ ಸೇರಿಗೆ 80 ತೊಲೆ, ಮುಂಬಯಿಯ ಸೇರಿಗೆ 28 ತೊಲೆ! ಕಾಳು ಅಳೆಯುವ ಸೇರಿನ ಮಾತಂತೂ ಬೇರೆಯೇ.

ಒಂದು ತೊಲೆ ಶುದ್ಧ ಮ್ಯಾಲಿಕ್ ಆಮ್ಲವನ್ನು ಒಂದು ಸೇರು ನೀರಿನಲ್ಲಿ ಕರಗಿಸಿದೆವೆನ್ನೋಣ. ಅದರ ಅಣುಭಾರ 134, ಹಾಗಾದರೆ 0.087 ಮೋಲ್. ಸರ್ಕಾರಿ ಸೇರಿನಲ್ಲಿ ಲೀಟರಿಗೆ 0.093 ಮೋಲ್, ಮುಂಬಯಿಯ ಸೇರಿನಲ್ಲಿ 0.266, ಹತ್ತಿರ ಹತ್ತಿರ ಮೂರು ಪಾಲು. ಆದರೆ ಜಲಜನಕದ ಅಯಾನುಗಳು ಮೂರು ಪಾಲಾಗುವುದಿಲ್ಲ. ಇದು ದುರ್ಬಲ ಆಮ್ಲ. ಅಣುಗಳಲ್ಲಿ ಕೆಲವು ಮಾತ್ರ ಒಡೆಯುತ್ತವೆ, ದ್ರಾವಣ ಗಾಢವಾದಷ್ಟೂ ಒಡೆಯುವ ಪ್ರಮಾಣ ಇಳಿಯುತ್ತದೆ. 1888ರಲ್ಲಿ ಓಸ್ಟ್‌ವಾಲ್ಡನು ಈ ನಿಯಮವನ್ನು ತೋರಿಸಿಕೊಟ್ಟನು. ವಿಯೋಜನಾಂಕವನ್ನು 0.0004 ಎಂದು ಹಿಡಿದು, ಎರಡನೆಯ ಹಂತದ ವಿಯೋಜನವನ್ನು ಬಿಟ್ಟು ಲೆಕ್ಕಹಾಕಿದರೆ, ಮೊದಲನೆಯದರಲ್ಲಿ ನೂರಕ್ಕೆ 6.3, ಎರಡನೆಯದರಲ್ಲಿ 3.8 ಅಣುಗಳು ಒಡೆದಿರುತ್ತವೆ. ಅಯಾನುಗಳು ಹೆಚ್ಚುವುದು 1.7 ಪಾಲು ಮಾತ್ರ, ಪಿಎಚ್ 2.2ರಿಂದ 2.0ಕ್ಕೆ ಇಳಿಯುತ್ತದೆ.

ನಾಲಗೆಗೆ ಈ ವ್ಯತ್ಯಾಸ ಅಷ್ಟಾಗಿ ತಿಳಿಯದಿರಬಹುದು. ಅಪಾಯವಿರುವುದು ಅಲ್ಲಿಯೇ, ಒಂದು ಗುಟುಕಿನಲ್ಲಿ ಹೊಟ್ಟೆಗೆ ಹೋಗುವ ಆಮ್ಲ ಮಾತ್ರ ಪೂರಾ ಮೂರು ಪಾಲೇ. ಇಡೀ ತೊಲೆಯನ್ನು ತಣಿಸಲು ಎರಡೂ ಸೇರುಗಳಿಗೆ ಅರ್ಧ ತೊಲೆಗೆ ತುಸು ಮೇಲಷ್ಟು ಅರಳಿದ ಸುಣ್ಣವೇ ಬೇಕು. ಒಡೆಯದೆ ಉಳಿದ ಅಣುಗಳೂ ಸುಣ್ಣ ಸೇರಿದಂತೆ ಒಡೆಯುತ್ತ ಬರುತ್ತವೆ.

1956ರ ಶಾಸನದ ಬಳಿಕ ಗ್ರಾಮು, ಲೀಟರುಗಳು ಪೇಟೆಗೆ ಬಂದವು. ಮನೆಮದ್ದಿನ ಮಾತಿನಲ್ಲಿ ಸೇರು ಅಷ್ಟು ಬೇಗ ಕದಲಲಿಲ್ಲ.