ಚೇಳಿನ ವಿಷ: ರಕ್ತನಾಳ ಬಿಗಿಯುವುದು ಹೇಗೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ ಹಾಗೂ ಹರಪನಹಳ್ಳಿ 2021ರಲ್ಲಿ ರಚನೆಯಾದ ವಿಜಯನಗರ ಜಿಲ್ಲೆಯ ತಾಲ್ಲೂಕುಗಳು. ಇಲ್ಲಿನ ಒಣಭೂಮಿಯ ರೈತರಿಗೆ ಚೇಳು ಹೊಸದಲ್ಲ. ಕಲ್ಲಿನ ಸಂದು, ಸೌದೆ ರಾಶಿ, ಗೋಡೆಯ ಬಿರುಕುಗಳು ಅದರ ನೆಲೆ. ಬಹುತೇಕ ಚೇಳು ಕಡಿತ ನೋವಿನಲ್ಲೇ ಮುಗಿಯುತ್ತದೆ. ಆದರೆ ಉತ್ತರ ಕರ್ನಾಟಕದಲ್ಲೂ ಕಂಡುಬರುವ ಕೆಂಪು ಚೇಳಿನ ವಿಷ ಹೃದಯಕ್ಕೇ ಕುತ್ತು ತರಬಲ್ಲದು.

ನರಗಳ ಹಿಡಿತ

ದೇಹದ ಒಟ್ಟು ರಕ್ತದಲ್ಲಿ ಶೇ. 60ರಿಂದ 70ರಷ್ಟು ಅಭಿಧಮನಿಗಳಲ್ಲಿರುತ್ತದೆ. ಅವುಗಳ ಗೋಡೆಯ ಸ್ನಾಯುಕೋಶಗಳ ಮೇಲೆ ಆಲ್ಫಾ ಗ್ರಾಹಕಗಳಿವೆ. ನರತುದಿಯಿಂದ ಹೊರಬಂದ ನಾರ್‌ಅಡ್ರಿನಲಿನ್ ಇವುಗಳಿಗೆ ತಗುಲಿದಾಗ ಸ್ನಾಯು ಬಿಗಿಯುತ್ತದೆ, ರಕ್ತ ಹೃದಯದತ್ತ ಸರಿಯುತ್ತದೆ. ಎದ್ದು ನಿಂತಾಗ ತಲೆ ಸುತ್ತದಂತೆ ಕಾಯುವ ವ್ಯವಸ್ಥೆಯಲ್ಲಿ ಇದೂ ಒಂದು ಭಾಗ. ಮೂತ್ರಪಿಂಡದ ಬೀಟಾ ಗ್ರಾಹಕಗಳು ರೆನಿನ್ ಸ್ರವಿಸುವಂತೆ ಪ್ರಚೋದಿಸುತ್ತವೆ. ಅದರಿಂದ ಉಪ್ಪು ಮತ್ತು ನೀರು ದೇಹದಲ್ಲೇ ಉಳಿದು ರಕ್ತದ ಪ್ರಮಾಣ ಕುಸಿಯುವುದಿಲ್ಲ. ಆಲ್ಫಾ, ಬೀಟಾ ಎಂಬ ಈ ವಿಂಗಡಣೆಯನ್ನು 1948ರಲ್ಲಿ ಮಂಡಿಸಿದವರು ಅಮೆರಿಕದ ವಿಜ್ಞಾನಿ ರೇಮಂಡ್ ಆಲ್ಕ್ವಿಸ್ಟ್.

ವಿಷದ ದಾಳಿ

ಕೆಂಪು ಚೇಳಿನ ವಿಷವು ನರಕೋಶದ ಸೋಡಿಯಂ ದ್ವಾರಗಳನ್ನು ಮುಚ್ಚಗೊಡುವುದಿಲ್ಲ. ಹೀಗಾಗಿ ಅಡ್ರಿನಲಿನ್, ನಾರ್‌ಅಡ್ರಿನಲಿನ್ ರಕ್ತಕ್ಕೆ ಹರಿದು ಬರುತ್ತವೆ. ನಾಳಗಳು ಅತಿಯಾಗಿ ಬಿಗಿದು ರಕ್ತದೊತ್ತಡ ಏರುತ್ತದೆ, ಕೈಕಾಲು ತಣ್ಣಗಾಗುತ್ತವೆ. ಹೃದಯಕ್ಕೆ ಮರಳುವ ರಕ್ತ ಹೆಚ್ಚುತ್ತದೆ, ಆದರೆ ಅದನ್ನು ಬಿಗಿದ ನಾಳಗಳಿಗೆ ನೂಕಲು ಹೃದಯ ಸೋಲುತ್ತದೆ. ಕೊನೆಗೆ ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರು ಕಟ್ಟುತ್ತದೆ.

ಮದ್ದು

ಮಹಾರಾಷ್ಟ್ರದ ಮಹಾಡ್‌ನ ವೈದ್ಯ ಡಾ. ಹಿಮ್ಮತರಾವ್ ಬಾವಸ್ಕರ್ ಇದಕ್ಕೆ ಪ್ರಾಜೋಸಿನ್ ಮಾತ್ರೆ ಬಳಸಿದರು. ಅದು ಆಲ್ಫಾ-1 ಗ್ರಾಹಕಗಳಿಗೆ ತಡೆಯೊಡ್ಡಿ ನಾಳಗಳನ್ನು ಸಡಿಲಿಸುತ್ತದೆ. ಅವರ ವರದಿ 1986ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಕಟವಾಯಿತು. ಪ್ರಾಜೋಸಿನ್ ಜೊತೆ ಪ್ರತಿವಿಷ ನೀಡಿದರೆ ಚೇತರಿಕೆ ಇನ್ನೂ ಬೇಗ ಎಂದು 2011ರ ಅಧ್ಯಯನವೊಂದು ತೋರಿಸಿತು. 2022ರಲ್ಲಿ ಬಾವಸ್ಕರ್ ಅವರಿಗೆ ಪದ್ಮಶ್ರೀ ಸಂದಿತು.

ಮಾತ್ರೆಯನ್ನು ಮನೆಯಲ್ಲಿ ತಾವಾಗಿಯೇ ನುಂಗುವುದು ಅಪಾಯಕರ. ಬೆವರು, ವಾಂತಿಯಿಂದ ದೇಹ ನೀರು ಕಳೆದುಕೊಂಡಿರುವಾಗ ನಾಳಗಳು ಏಕಾಏಕಿ ಸಡಿಲಗೊಂಡರೆ ರಕ್ತದೊತ್ತಡ ಕುಸಿಯಬಹುದು. ಆದ್ದರಿಂದ ಮಾತ್ರೆ ಕೊಟ್ಟ ಮೇಲೆ ರೋಗಿಯನ್ನು ಮಲಗಿಸಿಯೇ ನಿಗಾ ಇಡಲಾಗುತ್ತದೆ. ಚೇಳು ಕಡಿದ ಬಳಿಕ ಮೈ ಬೆವರುವುದು, ವಾಂತಿ, ಕೈಕಾಲು ತಣ್ಣಗಾಗುವುದು ವಿಷವೇರಿದ ಲಕ್ಷಣಗಳು. ಮಕ್ಕಳಲ್ಲಿ ಅಪಾಯ ಇನ್ನೂ ಹೆಚ್ಚು. ಮಂತ್ರ, ನಾಟಿ ಮದ್ದು ಎಂದು ಕಾಲ ಕಳೆಯದೆ ಹತ್ತಿರದ ಆಸ್ಪತ್ರೆ ಸೇರುವುದೇ ಜೀವ ಉಳಿಸುವ ದಾರಿ.