ಡೇಗೆ, ಪಾರಿವಾಳ ಮತ್ತು ಒಂದು ತಪ್ಪು ದೂರು

1932ರಲ್ಲಿ ಆಸ್ಟ್ರೇಲಿಯಾದ ಸೈನಿಕರು ಮೆಷಿನ್ ಗನ್ ಹಿಡಿದು ಎಮು ಹಕ್ಕಿಗಳ ಮೇಲೆ ಯುದ್ಧಕ್ಕೆ ಹೋಗಿ, ಸೋತು ವಾಪಸ್ ಬಂದ ಕತೆಯ ಮೀಮ್‌ಗಳನ್ನು ನೀವೆಲ್ಲ ನೋಡಿರ್ತೀರಿ. ಸರ್ಕಾರವೊಂದು ಹಕ್ಕಿಯ ಮೇಲೆ ಸಾರಿದ ಇನ್ನೊಂದು ಯುದ್ಧವೂ ಇದೆ. ಅದರಲ್ಲಿ ಸರ್ಕಾರ ಗೆದ್ದಿತು. ಅದಕ್ಕೇ ಇರಬೇಕು, ಅದರ ಮೀಮ್ ಯಾರೂ ಮಾಡಲಿಲ್ಲ.

1940ರ ಬೇಸಿಗೆ. ಫ್ರಾನ್ಸ್ ಬಿದ್ದುಹೋಗಿದೆ, ಇಂಗ್ಲಿಷ್ ಕಾಲುವೆಯ ಆಚೆ ದಡದಲ್ಲಿ ಜರ್ಮನ್ ಸೈನ್ಯ ನಿಂತಿದೆ. ಅಂಥ ಹೊತ್ತಲ್ಲಿ, ಜುಲೈ ತಿಂಗಳಲ್ಲಿ, ಬ್ರಿಟನ್ ಒಂದು ವಿಚಿತ್ರ ಆದೇಶ ಹೊರಡಿಸಿತು. ಹೆಸರು ‘ಡಿಸ್ಟ್ರಕ್ಷನ್ ಆಫ್ ಪೆರೆಗ್ರಿನ್ ಫಾಲ್ಕನ್ಸ್ ಆರ್ಡರ್’. ಗೊತ್ತುಪಡಿಸಿದ ಪ್ರದೇಶಗಳಲ್ಲಿ ಪೆರೆಗ್ರಿನ್ ಫಾಲ್ಕನ್ ಕಂಡರೆ ಕೊಲ್ಲಬಹುದು, ಅದರ ಮೊಟ್ಟೆಗಳನ್ನೂ ನಾಶ ಮಾಡಬಹುದು ಅಂತ. ಕೇಳಿದ್ದು ವಾಯುಪಡೆಯ ಸಚಿವಾಲಯ. ಕಾರಣ ಪಾರಿವಾಳ.

ಪೆರೆಗ್ರಿನ್ ಅಂದರೆ ನಾವು ಕನ್ನಡದಲ್ಲಿ ಡೇಗೆ ಅಂತ ಕರೆಯೋ ಗುಂಪಿನ ಹಕ್ಕಿ. ಹಿಂದೆ ರಾಜರು ಬೇಟೆಗೆ ಸಾಕುತ್ತಿದ್ದ ಸಾಳುವಗಳ ಬಳಗದ್ದು. ನಮ್ಮ ದೇಶದಲ್ಲೂ ಇದೆ, ಕಡಿದಾದ ಬಂಡೆಗಳಲ್ಲಿ ಗೂಡು ಮಾಡುತ್ತೆ. ಎತ್ತರದಿಂದ ರೆಕ್ಕೆ ಮಡಚಿ ಬೇಟೆಯ ಮೇಲೆ ಎರಗುವಾಗ ಅದರ ವೇಗ ಗಂಟೆಗೆ 300 ಕಿಲೋಮೀಟರ್ ದಾಟುತ್ತೆ. ಒಳ್ಳೆ ರೇಸಿಂಗ್ ಪಾರಿವಾಳ ಗಂಟೆಗೆ 80 ಕಿಲೋಮೀಟರ್ ಆಸುಪಾಸಲ್ಲಿ ಹಾರುತ್ತೆ. ಲೆಕ್ಕ ನೀವೇ ಹಾಕಿ.

ರೇಡಿಯೋ ಇದ್ದ ಕಾಲದಲ್ಲಿ ಸೈನ್ಯಕ್ಕೆ ಪಾರಿವಾಳ ಯಾಕೆ ಬೇಕಿತ್ತು ಅನ್ನೋದಕ್ಕೆ ವಿಂಕಿಯ ಕತೆ ಸಾಕು. 1942ರ ಫೆಬ್ರವರಿಯಲ್ಲಿ ನಾರ್ವೆ ಕಡೆಯಿಂದ ಮರಳುತ್ತಿದ್ದ ಬ್ಯೂಫೋರ್ಟ್ ವಿಮಾನವೊಂದು ಉತ್ತರ ಸಮುದ್ರಕ್ಕೆ ಬಿತ್ತು. ನಾಲ್ಕು ಜನ ರಬ್ಬರ್ ದೋಣಿಯಲ್ಲಿ. ತಾವು ಎಲ್ಲಿದ್ದೀವಿ ಅಂತ ಹೇಳೋಕೆ ದಾರಿಯಿಲ್ಲ. ವಿಮಾನದಲ್ಲಿದ್ದ ಪಾರಿವಾಳ ಎಣ್ಣೆ ಮೆತ್ತಿದ ರೆಕ್ಕೆಯಲ್ಲೇ ಸುಮಾರು 120 ಮೈಲಿ ಹಾರಿ ಸ್ಕಾಟ್ಲೆಂಡಿನ ಡಂಡೀ ಬಳಿಯ ತನ್ನ ಗೂಡು ಸೇರಿತು. ಕಾಲಲ್ಲಿ ಚೀಟಿ ಇರಲಿಲ್ಲ. ವಿಮಾನ ಬಿದ್ದ ಸಮಯ, ಹಕ್ಕಿ ಬಂದ ಸಮಯ, ಗಾಳಿಯ ದಿಕ್ಕು ಇಷ್ಟನ್ನೇ ಇಟ್ಟುಕೊಂಡು ಲೆಕ್ಕ ಹಾಕಿ ಹುಡುಕಿದರು. ನಾಲ್ವರೂ ಬದುಕಿದರು. 1943ರಲ್ಲಿ ಪ್ರಾಣಿಗಳ ಶೌರ್ಯಕ್ಕೆ ಅಂತ ಡಿಕಿನ್ ಪದಕ ಶುರುವಾದಾಗ ಮೊದಲು ಪಡೆದ ಮೂರು ಪಾರಿವಾಳಗಳಲ್ಲಿ ವಿಂಕಿಯೂ ಒಂದು.

ಈ ಹಕ್ಕಿಗಳೇನೂ ಸೈನ್ಯ ಸಾಕಿದ್ದಲ್ಲ. ಗಣಿ ಊರುಗಳ ಕಾರ್ಮಿಕರು, ಚಮ್ಮಾರರು, ಫ್ಯಾಕ್ಟರಿ ಕೆಲಸದವರು ಮನೆ ಹಿತ್ತಲಲ್ಲಿ ರೇಸಿಗೆ ಅಂತ ಸಾಕಿಕೊಂಡಿದ್ದವು. ಯುದ್ಧ ಬಂದಾಗ ಅವರು ನ್ಯಾಷನಲ್ ಪಿಜನ್ ಸರ್ವಿಸ್‌ಗೆ ಸುಮಾರು 2 ಲಕ್ಷ ಪಾರಿವಾಳ ಕೊಟ್ಟರು. ಎಕ್ಸೆಟರ್‌ನ ಚಮ್ಮಾರ ಚಾರ್ಲಿ ಬ್ರೂವರ್ ಕೊಟ್ಟ ಮೇರಿ ಅನ್ನೋ ಹಕ್ಕಿ ಒಮ್ಮೆ ಕುತ್ತಿಗೆಯಿಂದ ಎದೆತನಕ ಸೀಳಿಸಿಕೊಂಡು ಮನೆಗೆ ಬಂತು. ಗಿಡುಗದ ಉಗುರು. ಜರ್ಮನ್ನರು ಕರಾವಳಿಯಲ್ಲಿ ಸಾಕಿಟ್ಟಿದ್ದ ಗಿಡುಗವೇ ಇರಬೇಕು ಅಂತ ಆಗ ನಂಬಿದ್ದರು. ಬ್ರೂವರ್ ಹೊಲಿಗೆ ಹಾಕಿಸಿ, ಆರೈಕೆ ಮಾಡಿ, ಮತ್ತೆ ಕೆಲಸಕ್ಕೆ ಕಳಿಸಿದರು. ಅದಕ್ಕೂ 1945ರಲ್ಲಿ ಡಿಕಿನ್ ಪದಕ ಬಂತು.

ಈಗ ಡೇಗೆಯ ಕಡೆಯಿಂದ ನೋಡಿ. ಅದರ ಗೂಡು ಇರೋದೇ ಸಮುದ್ರದ ಅಂಚಿನ ಕಡಿದಾದ ಬಂಡೆಗಳಲ್ಲಿ. ಕಾಲುವೆ ದಾಟಿ ಸುಸ್ತಾಗಿ ಬರುವ ಪಾರಿವಾಳ ನೆಲ ಮುಟ್ಟೋದೂ ಸರಿಯಾಗಿ ಅಲ್ಲೇ. ಸಾವಿರಾರು ವರ್ಷಗಳಿಂದ ಡೇಗೆ ಮಾಡಿಕೊಂಡು ಬಂದ ಕೆಲಸ ಒಂದು ಬೇಸಿಗೆಯಲ್ಲಿ ದೇಶದ್ರೋಹ ಆಗಿಬಿಟ್ಟಿತು. ಶಿಬಿ ಚಕ್ರವರ್ತಿಯ ಕತೆಯಲ್ಲಿ ಗಿಡುಗ ಒಂದು ನ್ಯಾಯವಾದ ಪ್ರಶ್ನೆ ಕೇಳುತ್ತಲ್ಲ, ‘ಪಾರಿವಾಳವನ್ನ ಉಳಿಸಿದೆ ಸರಿ, ನನ್ನ ಊಟದ ಗತಿ ಏನು?’ ಅಂತ, ಆ ಪ್ರಶ್ನೆ ಕೇಳಿಸಿಕೊಳ್ಳೋ ವ್ಯವಧಾನ 1940ರಲ್ಲಿ ಯಾರಿಗೂ ಇರಲಿಲ್ಲ. ನಾಲ್ಕು ಜನ ಸಮುದ್ರದಲ್ಲಿ ತೇಲುತ್ತಿರುವಾಗ ಇರೋಕೂ ಸಾಧ್ಯವಿಲ್ಲ ಅಂತ ನನಗನ್ನಿಸುತ್ತೆ. ಯುದ್ಧ ಮುಗಿಯೋ ಹೊತ್ತಿಗೆ ಸುಮಾರು 600 ಡೇಗೆಗಳನ್ನು ಕೊಂದಾಗಿತ್ತು. ಮೊಟ್ಟೆ, ಮರಿಗಳು ಬೇರೆ. ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಎಷ್ಟೋ ಬಂಡೆಗಳು ಖಾಲಿಯಾದವು. 1946ರಲ್ಲಿ ಆದೇಶ ಹಿಂದೆಗೆದರು.

ಆಮೇಲೆ ಹಕ್ಕಿ ಚೇತರಿಸಿಕೊಂಡಿತು. 1954ರ ಪಕ್ಷಿ ಸಂರಕ್ಷಣಾ ಕಾಯ್ದೆ ಅದಕ್ಕೆ ರಕ್ಷಣೆಯನ್ನೂ ಕೊಟ್ಟಿತು. ಖಾಲಿಯಾಗಿದ್ದ ಬಂಡೆಗಳಿಗೆ ಜೋಡಿಗಳು ಮರಳಿದವು. ಪಾರಿವಾಳ ಸಾಕುವವರ ಕಣ್ಣಿಗೆ ಇದು ಬೇರೆ ಥರ ಕಂಡಿತು. ನಮ್ಮ ಹಕ್ಕಿ ವಾಪಸ್ ಬರ್ತಿಲ್ಲ, ಡೇಗೆ ವಿಪರೀತ ಜಾಸ್ತಿ ಆಗಿದೆ ಅಂತ. ಮೊಟ್ಟೆಯಿಂದ ಬೆಳೆಸಿ, ಉಂಗುರ ತೊಡಿಸಿ, ರೇಸಿಗೆ ಬಿಟ್ಟ ಹಕ್ಕಿಗೆ ಕಾದು ಸಂಜೆವರೆಗೂ ಆಕಾಶ ನೋಡ್ತಾ ನಿಂತವರ ಸಂಕಟ ಅದು, ಅದನ್ನ ಹಗುರಾಗಿ ತಗೊಳ್ಳೋಹಾಗಿಲ್ಲ. 1960ರಲ್ಲಿ ಅವರು ಗೃಹ ಇಲಾಖೆಗೆ ಅರ್ಜಿ ಕೊಟ್ಟರು. ಡೇಗೆಗೆ ಕೊಟ್ಟಿರೋ ರಕ್ಷಣೆ ತೆಗೀರಿ ಅಂತ.

ಇಲ್ಲಿಂದ ಮುಂದಿನದು ನನಗೆ ಇಡೀ ಕತೆಯಲ್ಲಿ ಅತ್ಯಂತ ಇಷ್ಟವಾದ ಭಾಗ. ಇಲಾಖೆ ಈ ಸಲ ನೇರವಾಗಿ ಆದೇಶ ಹೊರಡಿಸಲಿಲ್ಲ. ಮೊದಲು ಎಣಿಸೋಣ ಅಂತು. ಕೆಲಸ ಬಿದ್ದದ್ದು ಡೆರೆಕ್ ರಾಟ್‌ಕ್ಲಿಫ್ ಅನ್ನೋ ಮೂವತ್ತರ ಆಸುಪಾಸಿನ ವಿಜ್ಞಾನಿಯ ಹೆಗಲಿಗೆ. ಹುಡುಗನಾಗಿದ್ದಾಗಿನಿಂದ ಡೇಗೆಗಳ ಹಿಂದೆ ಬೆಟ್ಟ ಹತ್ತಿದವನು. ಡೇಗೆ ತಲೆಮಾರುಗಳ ಕಾಲ ಅದೇ ಅದೇ ಬಂಡೆಯಲ್ಲಿ ಗೂಡು ಮಾಡೋದರಿಂದ ಎಲ್ಲಿ ಹುಡುಕಬೇಕು ಅನ್ನೋದು ಗೊತ್ತಿತ್ತು. 1961 ಮತ್ತು 62ರಲ್ಲಿ ಸ್ವಯಂಸೇವಕರು ದೇಶದ ಉದ್ದಗಲಕ್ಕೂ ಹಳೇ ಗೂಡುಗಳನ್ನು ಹತ್ತಿ ನೋಡಿದರು.

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಕೆಲವು ಟಿಕೆಟ್‌ಗಳು ಬರ್ತವೆ. ಗ್ರಾಹಕ ಹೇಳೋ ಕಾರಣ ಪೂರ್ತಿ ತಪ್ಪಿರುತ್ತೆ, ಆದರೆ ಅವನು ದೂರು ಕೊಟ್ಟನಲ್ಲ ಅಂತ ಲಾಗ್ ತೆರೆದು ನೋಡಿದರೆ ಒಳಗೆ ಯಾರೂ ಕನಸಲ್ಲೂ ಎಣಿಸದ ದೊಡ್ಡ ಅನಾಹುತ ನಡೀತಿರುತ್ತೆ. ಇಲ್ಲೂ ಹಾಗೇ ಆಯಿತು. ಡೇಗೆ ಜಾಸ್ತಿಯಾಗಿರಲಿಲ್ಲ, ಮಾಯವಾಗ್ತಿತ್ತು. 1963ರ ಹೊತ್ತಿಗೆ ಯುದ್ಧಪೂರ್ವದ ಸಂಖ್ಯೆಯ ಅರ್ಧವೂ ಉಳಿದಿರಲಿಲ್ಲ. ಉಳಿದ ಗೂಡುಗಳಲ್ಲೂ ಬಹುಪಾಲಿನಲ್ಲಿ ಮರಿ ಇರಲಿಲ್ಲ. ಕೆಲವು ಗೂಡುಗಳಲ್ಲಿ ಮೊಟ್ಟೆ ಒಡೆದು ಬಿದ್ದಿದ್ದವು.

ಮೊದಲ ಸುಳಿವು ಸಿಕ್ಕಿದ್ದು ಸ್ಕಾಟ್ಲೆಂಡಿನ ಗೂಡೊಂದರ ಮರಿಯಾಗದ ಮೊಟ್ಟೆಯಿಂದ. ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿದರೆ ಒಳಗೆ ಕೃಷಿ ಕೀಟನಾಶಕಗಳ ಅಂಶ. ಡಿಡಿಟಿ ಬಳಕೆ ಯುದ್ಧದ ನಂತರ ಹೊಲಗಳಿಗೆ ಬಂದಿತ್ತು. 1956ರ ಹೊತ್ತಿಗೆ ಬಿತ್ತನೆ ಬೀಜಕ್ಕೆ ಡೀಲ್ಡ್ರಿನ್, ಆಲ್ಡ್ರಿನ್ ಲೇಪಿಸೋದೂ ಶುರುವಾಯಿತು. ಬೀಜ ತಿಂದ ಕಾಡುಪಾರಿವಾಳಗಳು ವಸಂತದಲ್ಲಿ ಹೊಲದ ತುಂಬ ಸತ್ತು ಬೀಳ್ತಿದ್ದವು. ತೂರಾಡುತ್ತಾ ಹಾರುವ ಹಕ್ಕಿ ಡೇಗೆಗೆ ಸುಲಭದ ತುತ್ತು. ಪ್ರತಿ ತುತ್ತಿನ ವಿಷವೂ ಅದರ ಕೊಬ್ಬಿನಲ್ಲಿ ಕೂಡಿಕೊಳ್ತಾ ಹೋಯಿತು. ಪಾರಿವಾಳಕ್ಕೂ ಡೇಗೆಗೂ ಶತ್ರು ಒಂದೇ, ಅದು ಕಾಳಿನ ರೂಪದಲ್ಲಿತ್ತು.

ಡೀಲ್ಡ್ರಿನ್ ಅನ್ನೋದು ದೂರದ ಹೆಸರು ಅನ್ನಿಸಬಹುದು. ಅದರ ಒಡಹುಟ್ಟಿದ್ದೇ ಎಂಡ್ರಿನ್. ಎರಡರ ಅಣುಗಳಲ್ಲೂ ಅವೇ ಪರಮಾಣುಗಳು ಅಷ್ಟೇ ಲೆಕ್ಕದಲ್ಲಿವೆ, ಜೋಡಣೆ ಮಾತ್ರ ಸ್ವಲ್ಪ ಬೇರೆ. ನಮ್ಮ ಹಳ್ಳಿ ಕಡೆ ಹೊಲಕ್ಕೆ ಹೊಡೆಯೋ ವಿಷ ಯಾವುದೇ ಕಂಪನಿಯದ್ದಾದರೂ ‘ಎಂಡ್ರಿನ್’ ಅಂತಲೇ ಕರೀತಿದ್ರು. ಮಲೇರಿಯಾ ಇಲಾಖೆಯವರು ಗೋಡೆಗೆ ಹೊಡೆದ ಬಿಳಿ ಡಿಡಿಟಿಯ ಕಲೆ ತಿಂಗಳುಗಟ್ಟಲೆ ಹೋಗ್ತಿರಲಿಲ್ಲ. ಹಾಗೆ ಹೋಗದೇ ಉಳಿಯೋದೇ ಅದರ ಗುಣ, ಅದೇ ಅದರ ಅಪಾಯ ಕೂಡ. ಭಾರತದಲ್ಲಿ ಕೃಷಿಗೆ ಡಿಡಿಟಿ ಬಳಸೋದು ನಿಂತಿದ್ದು 1989ರಲ್ಲಿ.

ಆದರೆ ಮೊಟ್ಟೆ ಯಾಕೆ ಒಡೀತಿತ್ತು? ರಾಟ್‌ಕ್ಲಿಫ್‌ಗೆ ಚಿಪ್ಪು ತೆಳುವಾಗಿದೆಯಾ ಅನ್ನೋ ಅನುಮಾನ. ಹೋಲಿಸೋಕೆ ಹಳೇ ಮೊಟ್ಟೆ ಬೇಕು. ಅವು ಇದ್ದದ್ದು ಮೊಟ್ಟೆ ಸಂಗ್ರಹಕಾರರ ಹತ್ತಿರ. ಗೂಡಿಂದ ಮೊಟ್ಟೆ ಕದ್ದು, ತೂತು ಮಾಡಿ ಒಳಗಿನದನ್ನ ತೆಗೆದು, ದಿನಾಂಕ ಬರೆದು ಡ್ರಾಯರಿನಲ್ಲಿ ಹತ್ತಿ ಹಾಸಿ ಜೋಡಿಸಿಡೋ ಗೀಳು ಆ ಕಾಲದ ಇಂಗ್ಲಿಷ್ ಗಂಡಸರಿಗೆ ಬಹಳ ಇತ್ತು. ಪಕ್ಷಿಪ್ರೇಮಿಗಳು ಇವರನ್ನು ಕಂಡರೆ ಉರಿದುಬೀಳ್ತಿದ್ರು. ರಾಟ್‌ಕ್ಲಿಫ್ ಆ ಡ್ರಾಯರುಗಳನ್ನೇ ತೆರೆಸಿದ. ಚಿಪ್ಪು ಒಡೆಯದೆ ದಪ್ಪ ಅಳೆಯೋಕಾಗಲ್ಲ. ಹಾಗಾಗಿ ಒಂದು ಸರಳ ಸೂತ್ರ ಮಾಡಿದ: ಚಿಪ್ಪಿನ ತೂಕವನ್ನು ಅದರ ಉದ್ದ ಮತ್ತು ಅಗಲದ ಗುಣಲಬ್ಧದಿಂದ ಭಾಗಿಸೋದು. ಒಂದು ತಕ್ಕಡಿ, ಒಂದು ಕ್ಯಾಲಿಪರ್, ಅಷ್ಟೇ. ಗ್ರಾಫ್ ಹಾಕಿದರೆ 1946ರವರೆಗೆ ಗೆರೆ ಹೆಚ್ಚುಕಮ್ಮಿ ನೆಟ್ಟಗಿದೆ. 1947ರ ಸುಮಾರಿಗೆ ದಢಾರನೆ ಕೆಳಗೆ, ಹತ್ತಿರ ಹತ್ತಿರ ಶೇ. 19ರಷ್ಟು. ಡಿಡಿಟಿ ಹೊಲಕ್ಕೆ ಬಂದ ಕಾಲ. 1967ರಲ್ಲಿ ಈ ಲೇಖನ ‘ನೇಚರ್’ ಪತ್ರಿಕೆಯಲ್ಲಿ ಬಂತು. ಡಿಡಿಟಿ ದೇಹದೊಳಗೆ ಡಿಡಿಇ ಆಗಿ ಬದಲಾಗಿ, ಚಿಪ್ಪಿಗೆ ಕ್ಯಾಲ್ಸಿಯಂ ಸೇರದ ಹಾಗೆ ತಡೆಯುತ್ತೆ ಅನ್ನೋದು ಮುಂದೆ ಸ್ಪಷ್ಟವಾಯಿತು. ತಾಯಿ ಕಾವು ಕೊಡೋಕೆ ಕೂತರೆ ಮೊಟ್ಟೆ ಒಡೀತಿತ್ತು.

ನನ್ನನ್ನು ಕಾಡೋದು ಒಂದೇ ಯೋಚನೆ. 1960ರ ಆ ಅರ್ಜಿಗೆ ಅವತ್ತೇ ಸಹಿ ಬಿದ್ದಿದ್ದರೆ? ಮತ್ತೆ ಬಂದೂಕು ಹೊರಗೆ ಬರ್ತಿತ್ತು. ಡೇಗೆ ಕಮ್ಮಿಯಾಗ್ತಾ ಹೋದರೆ ಎಲ್ಲರೂ ‘ಗುಂಡು ಹೊಡೀತಿದ್ದಾರಲ್ಲ, ಅದಕ್ಕೇ’ ಅಂತ ಸುಮ್ಮನಾಗ್ತಿದ್ರು. ಕಣ್ಣೆದುರು ಒಂದು ಕಾರಣ ಸಿಕ್ಕಿಬಿಟ್ಟ ಮೇಲೆ ಇನ್ನೊಂದನ್ನ ಯಾರೂ ಹುಡುಕಲ್ಲ. ವಿಷದ ಸುದ್ದಿ ಹೊರಗೆ ಬರೋಕೆ ಇನ್ನೆಷ್ಟು ವರ್ಷ ಬೇಕಾಗ್ತಿತ್ತೋ. ಗುಂಡಿನಿಂದ ಖಾಲಿಯಾದ ಬಂಡೆಗಳು ಹತ್ತು ವರ್ಷದಲ್ಲಿ ತುಂಬಿಕೊಂಡವು. ವಿಷದಿಂದ ಖಾಲಿಯಾದವು ತುಂಬೋಕೆ, ಆ ರಾಸಾಯನಿಕಗಳನ್ನು ಒಂದೊಂದಾಗಿ ನಿಲ್ಲಿಸಿದ ಮೇಲೂ, ದಶಕಗಳೇ ಬೇಕಾದವು.

2014ರ ಎಣಿಕೆಯಲ್ಲಿ ಅಲ್ಲಿ 1,769 ಜೋಡಿ ಸಿಕ್ಕಿವೆ. ಡರ್ಬಿ, ನಾರಿಚ್ ಊರುಗಳ ಚರ್ಚ್ ಗೋಪುರದ ಮೇಲೆಲ್ಲ ಗೂಡು ಮಾಡಿ ನಗರದ ಪಾರಿವಾಳ ತಿಂದುಕೊಂಡಿವೆ. ರೇಸಿಂಗ್ ಪಾರಿವಾಳದವರ ದೂರೂ ಮುಂದುವರಿದಿದೆ. 2000ದಲ್ಲಿ ಸರ್ಕಾರದ ಸಮಿತಿಯೊಂದು ಲೆಕ್ಕ ತೆಗೆದಾಗ, ಕಳೆದುಹೋಗುವ ಪಾರಿವಾಳಗಳಲ್ಲಿ ಹೆಚ್ಚಿನವು ದಾರಿ ತಪ್ಪಿ, ಸುಸ್ತಾಗಿ, ತಂತಿ ಗೋಡೆಗಳಿಗೆ ಬಡಿದು ಹೋಗುವಂಥವು ಅಂತ ಕಂಡಿತು. ಹಾಗಂತ ಡೇಗೆ ಹಿಡಿಯೋದೇ ಇಲ್ಲ ಅಂತಲ್ಲ, ಹಿಡಿಯುತ್ತೆ. ಅದಕ್ಕೆ ಸಾಕುವವರು ರೆಕ್ಕೆಯ ಮೇಲೆ ಕಣ್ಣಿನ ಚಿತ್ರ ಬರೆದು ನೋಡ್ತಾರೆ, ಹಕ್ಕಿ ಬಿಡೋ ಹೊತ್ತು ಬದಲಾಯಿಸ್ತಾರೆ. ಚೀನಾದಲ್ಲಿ ಬಾಲಕ್ಕೆ ಸಣ್ಣ ಸಿಳ್ಳೆ ಕಟ್ಟುವ ಹಳೇ ಪದ್ಧತಿಗೂ ಗಿಡುಗವನ್ನ ಹೆದರಿಸೋದು ಒಂದು ಕಾರಣ ಅಂತ ಹೇಳ್ತಾರೆ. ಇವು ಯಾವುವೂ ಪೂರ್ತಿ ಕೆಲಸ ಮಾಡಲ್ಲ. ಆದರೆ ಇದನ್ನೆಲ್ಲ ಮಾಡಿಕೊಂಡೇ ಅವರು ಇವತ್ತಿಗೂ ಹಕ್ಕಿ ಹಾರಿಸ್ತಿದ್ದಾರೆ, ಮೇಲೆ ಡೇಗೆಯೂ ಹಾರ್ತಿದೆ.